ನಿಂತ ಕಾರಿನ ಡಿಕ್ಕಿಯಲ್ಲಿ ಅಗಸೆ ಎಣ್ಣೆ ಬಟ್ಟೆಯಿಂದ ಬೆಂಕಿ – ದಯವಿಟ್ಟು ಓದಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಹೋದ ಭಾನುವಾರ ನಡೆದದ್ದನ್ನು ಬರೆಯದೆ ಇರಲು ಆಗುತ್ತಿಲ್ಲ. ಅಂಗಳದಲ್ಲಿ ನಿಂತಿದ್ದ ನಮ್ಮ ಕಾರಿನೊಳಗೆ ಬೆಂಕಿ ಬಿತ್ತು. ಕಡ್ಡಿ ಗೀರಿದವರಿಲ್ಲ. ಬೀಡಿ ಸಿಗರೇಟು ಸೇದುವವರು ನಮ್ಮ ಮನೆಯಲ್ಲಿ ಇಲ್ಲ. ಗಾಡಿ ಆಫ್ ಮಾಡಿ ಗಂಟೆಗಟ್ಟಲೆ ಆಗಿತ್ತು.

ಸಾಗರದ ಹತ್ತಿರ ನಮ್ಮ ಊರು. ಜಗಲಿಯಲ್ಲಿ ಅಜ್ಜನ ಕಾಲದ ತೂಗುಮಂಚ ಇದೆ, ಬೀಟೆ ಮರದ್ದು. ಬಣ್ಣ ಹೋಗಿ ಬೂದಿ ಹಿಡಿದ ಹಾಗೆ ಕಾಣುತ್ತಿತ್ತು. ಎಣ್ಣೆ ಕುಡಿಸೋಣ ಅಂತ ಶಿವಮೊಗ್ಗದಿಂದ ಒಂದು ಲೀಟರ್ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ತಗೊಂಡು ಹೋಗಿದ್ದೆ. ಅದು ಅಗಸೆ ಎಣ್ಣೆಯೇ. ಅಪ್ಪನ ಹಳೇ ಬನಿಯನ್ ನಾಲ್ಕೈದು ಹರಿದು, ಅದ್ದಿ ಅದ್ದಿ ಉಜ್ಜಿದೆವು. ಹನ್ನೊಂದು ಗಂಟೆಗೆ ಮುಗಿಯಿತು. ಮರದ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಅಪ್ಪ ಎರಡು ಸಲ ಕೈಯಾಡಿಸಿ ನೋಡಿದರು.

ಶಿವಮೊಗ್ಗದ ಮನೆಯಲ್ಲಿ ಪುಸ್ತಕದ ಕಪಾಟಿಗೂ ಇದನ್ನೇ ಹಚ್ಚಬೇಕು ಅಂತ ಇತ್ತು. ಅದಕ್ಕೆ ಬಟ್ಟೆಗಳನ್ನು ಬಿಸಾಡಲಿಲ್ಲ. ಎಲ್ಲವನ್ನೂ ಉಂಡೆ ಮಾಡಿ, ತರಕಾರಿ ತರುವ ಪ್ಲಾಸ್ಟಿಕ್ ಕವರಿಗೆ ತುರುಕಿ, ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟಿನ ಪಕ್ಕ ಇಟ್ಟೆ. ಕವರಿನ ಬಾಯಿಗೆ ಗಂಟು ಹಾಕಿರಲಿಲ್ಲ. ಕಾರು ಅಂಗಳದಲ್ಲಿ ಬಿಸಿಲಿಗೇ ನಿಂತಿತ್ತು. ಗಾಜು ಪೂರ್ತಿ ಏರಿಸಿತ್ತು.

ಊಟ ಮಾಡಿ ಮಲಗಿದ್ದೆ. ಮೂರು ಗಂಟೆ ಸುಮಾರಿಗೆ ಅಮ್ಮ ಬಂದು, "ಏನೋ ಕಮಟು ವಾಸನೆ ಬರ್ತಿದೆ, ಕಾರಿನ ಕಡೆಯಿಂದ" ಅಂದರು. ಹೊರಗೆ ಬಂದು ನೋಡಿದರೆ ಹಿಂದಿನ ಗಾಜು ಬಿಳಿ ಪರದೆ ಕಟ್ಟಿದ ಹಾಗೆ ಇತ್ತು. ಒಳಗೆಲ್ಲ ಹೊಗೆ. ನಾನು ಯೋಚನೆ ಮಾಡದೆ ಡಿಕ್ಕಿ ಎತ್ತಿಬಿಟ್ಟೆ. ಭಗ್ ಅಂತ ಬೆಂಕಿ ಮುಖದ ಹತ್ತಿರಕ್ಕೇ ಬಂತು. ಹುಬ್ಬು ಸುಟ್ಟಿತು, ಅಷ್ಟರಲ್ಲಿ ಹಿಂದೆ ಬಿದ್ದೆ. ತೋಟಕ್ಕೆ ನೀರು ಬಿಡುವ ಪೈಪು ಅಲ್ಲೇ ಇದ್ದಿದ್ದರಿಂದ ಅಪ್ಪ ದೂರದಿಂದಲೇ ನೀರು ಹೊಡೆದರು. ಹಿಂದಿನ ಸೀಟು ಸುಟ್ಟು ಸ್ಪ್ರಿಂಗ್ ಕಾಣುತ್ತಿತ್ತು. ಮೇಲಿನ ಲೈನಿಂಗ್ ಕರಗಿ ಜೋತು ಬಿದ್ದಿತ್ತು.

ತಣ್ಣಗಾದ ಮೇಲೆ ಡಿಕ್ಕಿಯೊಳಗೆ ಕೈಹಾಕಿ ನೋಡಿದೆ. ಕವರು ಕರಗಿ ನೆಲಕ್ಕೆ ಅಂಟಿತ್ತು. ಅದರ ಮೇಲೆ ತೆಂಗಿನಕಾಯಿ ಗಾತ್ರದ ಕಪ್ಪು ಉಂಡೆ. ಬಿಡಿಸಿದರೆ ಒಳಗೆ ನಡುಮಧ್ಯ ಪೂರ್ತಿ ಬೂದಿ. ಹೊರಗಿನ ಪದರದಲ್ಲಿ ಮಾತ್ರ ಬನಿಯನ್ನಿನ ಹೆಣಿಗೆ ಇನ್ನೂ ಗುರುತು ಸಿಗುತ್ತಿತ್ತು. ಅಂದರೆ ಬೆಂಕಿ ಒಳಗಿನಿಂದ ಹೊರಗೆ ಬಂದಿದೆ.

ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ? ನಮ್ಮಲ್ಲಿ ಈ ವಿಷಯ ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಹೊನ್ನೆಮರಡು

ಅಯ್ಯೋ ದೇವರೇ. ಕಣ್ಣಿಗೆ ಏನೂ ಆಗಿಲ್ಲ ತಾನೇ? ಡಾಕ್ಟರಿಗೆ ತೋರಿಸಿದ್ರಾ?

ತುಂಗಾತೀರ

ತೋರಿಸಿದೆ. ಕಣ್ಣಿಗೆ ಏನೂ ಇಲ್ಲ ಅಂದರು. ಕೇಳಿದ್ದಕ್ಕೆ ಥ್ಯಾಂಕ್ಸ್.

ಪಾನಾ ಸ್ಪ್ಯಾನರ್

ತುಂಗಾತೀರ ಅವರೇ, ಜೀವ ಉಳಿಯಿತಲ್ಲ, ಅದೇ ದೊಡ್ಡದು. ಆದರೆ ನನಗೆ ಇದು ಪೂರ್ತಿ ಒಪ್ಪಿಗೆ ಆಗಲಿಲ್ಲ. ಹುಬ್ಬಳ್ಳಿಯಲ್ಲಿ 25 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನಮ್ಮ ಶೆಡ್ಡಿನ ಮೂಲೆಯಲ್ಲಿ ಆಯಿಲ್, ಗ್ರೀಸ್ ಒರೆಸಿದ ವೇಸ್ಟ್ ಕಾಟನ್ ಯಾವಾಗಲೂ ಒಂದು ಗುಡ್ಡೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ನಿಲ್ಲಲು ಆಗುವುದಿಲ್ಲ, ಅಷ್ಟು ಕಾವು. ಒಂದು ದಿನ ಹೊಗೆ ಬಂದಿದ್ದು ನೋಡಿಲ್ಲ. ನಾನು ನೋಡಿದ ಕಾರಿನ ಬೆಂಕಿಗಳು ಹೆಚ್ಚಿನವು ವೈರಿಂಗಿನಿಂದಲೇ. ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಕ್ಯಾಮೆರಾ, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ. ಅದನ್ನು ಮೊದಲು ನೋಡಿಸಿ. ಬಟ್ಟೆ ಮೇಲೆ ತಪ್ಪು ಹೊರಿಸಿ ವೈರ್ ಹಾಗೇ ಬಿಟ್ಟರೆ ಮತ್ತೆ ಅಪಾಯ.

ತುಂಗಾತೀರ

ಅಣ್ಣ, ನೀವು ಹೇಳಿದ್ದು ಸರಿಯಾದ ಅನುಮಾನವೇ. ನಾನೂ ಮೊದಲು ಹಾಗೇ ಅಂದುಕೊಂಡೆ. ಎಲೆಕ್ಟ್ರಿಷಿಯನ್ ಬಂದು ಹಿಂದಿನ ಲೈಟಿನ ವೈರ್ ಪೂರ್ತಿ ಬಿಚ್ಚಿ ನೋಡಿದರು. ಮೇಲಿನ ಸಿಪ್ಪೆ ಸುಟ್ಟಿದೆ, ಆದರೆ ಶಾರ್ಟ್ ಆದಾಗ ಆಗುವ ಹಾಗೆ ತಾಮ್ರ ಎಲ್ಲೂ ಕರಗಿ ಮಣಿ ಕಟ್ಟಿಲ್ಲ. ಯಾವ ಫ್ಯೂಸೂ ಹೋಗಿಲ್ಲ. ಎಕ್ಸ್‌ಟ್ರಾ ಫಿಟ್ಟಿಂಗ್ ಏನೂ ಹಾಕಿಸಿಲ್ಲ. ಡಿಕ್ಕಿಯ ನೆಲದಲ್ಲಿ ಬಣ್ಣ ಪೂರ್ತಿ ಎದ್ದು ತಗಡು ನೀಲಿಯಾಗಿದ್ದು ಒಂದೇ ಜಾಗದಲ್ಲಿ, ಆ ಕವರ್ ಇದ್ದ ಜಾಗದಲ್ಲಿ.

ಪ್ರಯೋಗಶಾಲೆ

ಇಬ್ಬರ ಮಾತೂ ನಿಜ. ಗ್ಯಾರೇಜಿನ ಎಣ್ಣೆ ಬೇರೆ, ಅಗಸೆ ಎಣ್ಣೆ ಬೇರೆ. ನಾನು ಪಿಯುಸಿ ಮಕ್ಕಳಿಗೆ ರಸಾಯನ ಶಾಸ್ತ್ರ ಹೇಳಿಕೊಡುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ತಪ್ಪು ತಿಳಿದುಕೊಂಡರೆ ಅಪಾಯ ಇಲ್ಲೇ ಇದೆ.

ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ಇವೆಲ್ಲ ನೆಲದಡಿಯಿಂದ ಬಂದ ಎಣ್ಣೆಗಳು. ಗಾಳಿಯಲ್ಲಿ ಸುಮ್ನೆ ಇಟ್ಟರೆ ಅವು ಆಮ್ಲಜನಕದ ಜೊತೆ ಸೇರುವುದು ತೀರಾ ನಿಧಾನ. ಬೆಂಕಿ ಕಿಡಿ ಬಿದ್ದರೆ ಉರಿಯುತ್ತವೆ, ತಾವಾಗಿ ಕಾವು ಏರಿಸಿಕೊಳ್ಳುವುದಿಲ್ಲ. ಅದಕ್ಕೇ ಪಾನಾ ಸ್ಪ್ಯಾನರ್ ಅವರ ಗುಡ್ಡೆ 25 ವರ್ಷ ತಣ್ಣಗಿದೆ.

ಅಗಸೆ ಎಣ್ಣೆಯ ಗುಣವೇ ಬೇರೆ. ನಾವು ಅದು "ಒಣಗುತ್ತದೆ" ಅನ್ನುತ್ತೇವೆ. ನೀರು ಒಣಗುವ ಹಾಗೆ ಆವಿಯಾಗಿ ಒಣಗುವುದಲ್ಲ ಅದು. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪದರ ಆಗುತ್ತದೆ. ಹಾಗೆ ಸೇರುವಾಗ ಶಾಖ ಹೊರಗೆ ಬರುತ್ತದೆ. ಮರದ ಮೇಲೆ ತೆಳ್ಳಗೆ ಹಚ್ಚಿದಾಗ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದೇ ಎಣ್ಣೆ ಹತ್ತಿ ಬಟ್ಟೆಯ ಸಾವಿರಾರು ಎಳೆಗಳ ಮೇಲೆ ಹರಡಿದರೆ ಗಾಳಿಗೆ ತಾಗುವ ಜಾಗ ವಿಪರೀತ ಜಾಸ್ತಿ. ಆ ಬಟ್ಟೆಯನ್ನು ಉಂಡೆ ಮಾಡಿದರೆ ಹೊರಗಿನ ಪದರವೇ ಕಂಬಳಿ ಆಗುತ್ತದೆ. ಹುಟ್ಟಿದ ಶಾಖ ಹೊರಗೆ ಹೋಗುವುದಿಲ್ಲ. ಕಾವು ಏರಿದಷ್ಟೂ ಕ್ರಿಯೆಯ ವೇಗ ಏರುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡರಷ್ಟು ಅನ್ನುವುದು ನಾವು ಪಾಠದಲ್ಲಿ ಹೇಳುವ ಲೆಕ್ಕ. ವೇಗ ಏರಿದರೆ ಮತ್ತೆ ಶಾಖ. ಕೊನೆಗೆ ನಡುವಿನ ಹತ್ತಿ ಕರಕಲಾಗಿ ಹೊಗೆಯಾಡಲು ಶುರುವಾಗುತ್ತದೆ. ತುಂಗಾತೀರ ಅವರು ನೋಡಿದ ಉಂಡೆ, ಒಳಗೆ ಬೂದಿ ಹೊರಗೆ ಹೆಣಿಗೆ, ಸರಿಯಾಗಿ ಇದೇ ಕಥೆ ಹೇಳುತ್ತದೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಹಸಿ ಇರುವಾಗಲೇ ಹುಲ್ಲು ಒಟ್ಟಿದರೆ ಬಣವೆಯ ಒಳಗೆ ಕೈಯಿಡಲು ಆಗದಷ್ಟು ಬಿಸಿ ಆಗುತ್ತದೆ ಅಲ್ವಾ? ಅಲ್ಲಿ ಶುರು ಮಾಡುವುದು ಸೂಕ್ಷ್ಮಜೀವಿಗಳು, ಇಲ್ಲಿ ಎಣ್ಣೆ. ಆದರೆ ಶಾಖ ಒಳಗೇ ಸಿಕ್ಕಿಬೀಳುವ ರೀತಿ ಒಂದೇ.

"ಬಾಯಿಲ್ಡ್" ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಈಗ ಸಿಗುವ ಬಾಯಿಲ್ಡ್ ಆಯಿಲ್‌ಗಳಲ್ಲಿ ಹೆಚ್ಚಿನವಕ್ಕೆ ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳನ್ನು ಸೇರಿಸಿರುತ್ತಾರೆ. ಬೇಗ ಒಣಗುವುದು ಅಂದರೆ ಬೇಗ ಶಾಖ ಬಿಡುವುದು. ಹಸಿ ಅಗಸೆ ಎಣ್ಣೆಗಿಂತ ಇದರ ಬಟ್ಟೆ ಇನ್ನೂ ಅಪಾಯ.

ಪಾನಾ ಸ್ಪ್ಯಾನರ್

ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ನಮಸ್ಕಾರ. ಎಣ್ಣೆ ಎಣ್ಣೆಗೆ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಒಂದು ಪ್ರಶ್ನೆ. ನಮ್ಮ ಪಕ್ಕದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ ಇದೆ. ಎನಾಮಲ್ ಪೇಂಟ್ ಹೊಡೆದು, ಟರ್ಪೆಂಟೈನಿನಲ್ಲಿ ಕೈ ಒರೆಸಿ, ಆ ಬನಿಯನ್ ವೇಸ್ಟನ್ನು ಡ್ರೈವರ್ ಸೀಟಿನ ಕೆಳಗೆ ತುರುಕುತ್ತಾರೆ. ಅದು?

ಪ್ರಯೋಗಶಾಲೆ

ಅದೂ ಅಪಾಯವೇ. ಆಯಿಲ್ ಎನಾಮಲ್ ಪೇಂಟಿನ ಅಂಟು ಭಾಗ ತಯಾರಾಗುವುದೇ ಇಂಥ ಒಣಗುವ ಎಣ್ಣೆಗಳಿಂದ. ವುಡ್ ಸ್ಟೇನ್, ಟೀಕ್ ಆಯಿಲ್, ಡ್ಯಾನಿಶ್ ಆಯಿಲ್ ಅಂತ ಮಾರುವ ಡಬ್ಬಗಳಲ್ಲೂ ಬಹಳ ಸಲ ಅಗಸೆ ಎಣ್ಣೆ ಅಥವಾ ಟಂಗ್ ಅನ್ನುವ ಮರದ ಬೀಜದ ಎಣ್ಣೆ ಇರುತ್ತದೆ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬಟ್ಟೆಯ ಬಗ್ಗೆ ಎಚ್ಚರಿಕೆ ಇದ್ದರೆ ಓದಿ. ದಯವಿಟ್ಟು ಪಕ್ಕದ ಶೆಡ್ಡಿನವರಿಗೆ ಇವತ್ತೇ ಹೇಳಿ. ಡ್ರೈವರ್‌ಗಳು ಆ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ.

ಪಾನಾ ಸ್ಪ್ಯಾನರ್

ಈಗಲೇ ಹೋಗಿ ಬರುತ್ತೇನೆ.

ಅಗಸಿ ಹಿಂಡಿ

ನಾನು ಬಾಗಲಕೋಟೆ ಕಡೆಯವಳು. ನಮ್ಮ ಮನೆಯಲ್ಲಿ ರೊಟ್ಟಿ ಜೊತೆ ಅಗಸಿ ಹಿಂಡಿ ಇಲ್ಲದ ದಿನ ಇಲ್ಲ. ಅಡುಗೆಗೆ ಕುಸುಬಿ ಎಣ್ಣೆ. ಇದನ್ನು ಓದಿ ಗಾಬರಿ ಆಯಿತು. ಅಡುಗೆಮನೆ ಒರೆಸುವ ಬಟ್ಟೆ, ಕರಿದದ್ದನ್ನು ಹರಡಿದ ಬಟ್ಟೆ, ಎಲ್ಲ ಗುಡ್ಡೆ ಹಾಕಿ ಇಟ್ಟಿರುತ್ತೇವೆ. ಅದಕ್ಕೂ ಹೀಗೆ ಆಗುತ್ತದಾ? ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಟವೆಲ್?

ಪ್ರಯೋಗಶಾಲೆ

ಅಕ್ಕ, ಗಾಬರಿ ಬೇಡ. ಅಗಸೆ ಕಾಳು, ಹಿಂಡಿ ಇವುಗಳಿಂದ ಮನೆಯಲ್ಲಿ ಏನೂ ಆಗುವುದಿಲ್ಲ. ಮಾತು ಎಣ್ಣೆ ನೆನೆದ ಬಟ್ಟೆಯದ್ದು.

ಎಣ್ಣೆ ಎಷ್ಟು ಒಣಗುವ ಜಾತಿ ಅನ್ನುವುದನ್ನು ಅಳೆಯಲು ಅಯೋಡಿನ್ ಸಂಖ್ಯೆ ಅಂತ ಒಂದಿದೆ. ಕೊಬ್ಬರಿ ಎಣ್ಣೆಗೆ ಅದು ಸುಮಾರು 10. ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು. ಸೂರ್ಯಕಾಂತಿ 130, ಕುಸುಬೆ 140ರ ಸುತ್ತಮುತ್ತ. ಅಗಸೆಗೆ 170ರಿಂದ 200. ಸಂಖ್ಯೆ ಏರಿದಷ್ಟೂ ಆಮ್ಲಜನಕಕ್ಕೆ ಹಾತೊರೆಯುವ ಎಣ್ಣೆ. ಹಾಗಾಗಿ ನಿಮ್ಮ ಕೊಬ್ಬರಿ ಎಣ್ಣೆ ಟವೆಲ್ ವಿಷಯದಲ್ಲಿ ನೆಮ್ಮದಿಯಾಗಿರಿ.

ಕುಸುಬೆ, ಸೂರ್ಯಕಾಂತಿ ಬಟ್ಟೆಗಳು ಸಾಮಾನ್ಯ ಕಾವಿನಲ್ಲಿ ಹೆಚ್ಚಾಗಿ ಸುಮ್ಮನಿರುತ್ತವೆ. ಅವನ್ನು ಬಿಸಿ ಮಾಡಿದರೆ ಕಷ್ಟ. ಹೋಟೆಲ್ಲಿನ ಅಡುಗೆ ಬಟ್ಟೆ, ಮಸಾಜ್ ಮಾಡುವ ಕಡೆಯ ಟವೆಲ್ ಇವುಗಳನ್ನು ಒಗೆದು, ಡ್ರೈಯರ್‌ನಲ್ಲಿ ಒಣಗಿಸಿ, ಬಿಸಿ ಬಿಸಿಯಾಗೇ ಮಡಚಿ ಒಟ್ಟಿದಾಗ ಬೆಂಕಿ ಬಿದ್ದದ್ದು ಬೇರೆ ದೇಶಗಳಲ್ಲಿ ತುಂಬಾ ಇದೆ. ಒಗೆದರೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ. ನೀವು ಹಗ್ಗದ ಮೇಲೆ ಬಿಸಿಲಿಗೆ ಹರವಿ ಒಣಗಿಸಿದರೆ ಆ ತೊಂದರೆ ಇಲ್ಲ.

ಹೊನ್ನೆಮರಡು

ಬಿಸಿಲಿಗೆ ಹರವಿದರೆ ಸರಿ, ಕಾರಿನಲ್ಲಿ ಬಿಸಿಲಿಗೆ ಇಟ್ಟರೆ ತಪ್ಪು. ಇದು ಹೇಗೆ?

ಪ್ರಯೋಗಶಾಲೆ

ಒಳ್ಳೆ ಪ್ರಶ್ನೆ. ಹರವಿದ ಬಟ್ಟೆಯಿಂದ ಶಾಖವನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ. ಉಂಡೆಯಿಂದ ಹೋಗುವುದಿಲ್ಲ. ಮೇಲಾಗಿ ಮುಚ್ಚಿದ ಕಾರು ತಾನೇ ಒಂದು ಒಲೆ. ಅಮೆರಿಕದ ಅರಿಜೋನಾದಲ್ಲಿ ಇದನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಬೇಸಿಗೆ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಡ್ಯಾಶ್‌ಬೋರ್ಡ್ ಮೇಲೆ 69 ಡಿಗ್ರಿ ಬಂದಿತ್ತು. ಜಗಲಿಯ ಮೂಲೆಯಲ್ಲಿ ಬಿದ್ದಿದ್ದರೆ ಆ ಉಂಡೆ ಬಿಸಿಯಾಗಿ ಹಾಗೇ ಆರಿಹೋಗುತ್ತಿತ್ತೋ ಏನೋ. ಕಾರಿನೊಳಗೆ ಅದು ಶುರುವಾದದ್ದೇ ಬಿಸಿಯಿಂದ. ಬಾಯಿ ಬಿಗಿಯದ ಕವರಿನಲ್ಲಿ ಬೇಕಾದಷ್ಟು ಗಾಳಿಯೂ ಸಿಕ್ಕಿತು, ಕಾವೂ ಉಳಿಯಿತು.

ಬಡಗಿ ಮನೆ

ಮೇಷ್ಟ್ರು ಓದಿ ಹೇಳಿದ್ದನ್ನು ನಾವು ಕೆಲಸದಲ್ಲಿ ಕಲಿತಿದ್ದೇವೆ. ನಮ್ಮ ತಂದೆಯೂ ಬಡಗಿ. ಅವರು ಎಣ್ಣೆ ಬಟ್ಟೆಯನ್ನು ಕೆಲಸ ಮುಗಿದ ತಕ್ಷಣ ಬೇಲಿ ಮೇಲೆ ಒಂದೊಂದಾಗಿ ಹರವುತ್ತಿದ್ದರು. ಒಂದರ ಮೇಲೊಂದು ಬೀಳಬಾರದು. "ಎಣ್ಣೆ ಬಟ್ಟೆ ಮಡಚಬೇಡ" ಅಂತ ಇಷ್ಟೇ ಹೇಳುತ್ತಿದ್ದರು, ಕಾರಣ ಹೇಳಿದ್ದು ನೆನಪಿಲ್ಲ. ಎರಡು ಮೂರು ದಿನಕ್ಕೆ ಬಟ್ಟೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಅದು ತಾನಾಗಿ ಕಾಯುವುದಿಲ್ಲ.

ಈಗ ಅಪಾರ್ಟ್‌ಮೆಂಟ್ ಕೆಲಸಗಳಲ್ಲಿ ಬೇಲಿ ಎಲ್ಲಿದೆ? ಹರವಲು ಜಾಗ ಇರುವುದಿಲ್ಲ. ಹುಡುಗರು ಬಟ್ಟೆಯನ್ನು ಸೀದಾ ಟೂಲ್ ಬ್ಯಾಗಿಗೆ ತುರುಕಿ ವ್ಯಾನಿನಲ್ಲಿ ಎಸೆಯುತ್ತಾರೆ. ಅದೇ ಬ್ಯಾಗಿನಲ್ಲಿ ಟಿನ್ನರ್ ಡಬ್ಬವೂ ಇರುತ್ತದೆ. ನಾನು ಈಗ ಮುಚ್ಚಳ ಇರುವ ಹಳೇ ಪೇಂಟ್ ಡಬ್ಬ ಇಟ್ಟಿದ್ದೇನೆ, ತಗಡಿನದು. ಅರ್ಧ ನೀರು. ಬಟ್ಟೆ ಪೂರ್ತಿ ಮುಳುಗಬೇಕು, ಮುಚ್ಚಳ ಬಿಗಿಯಾಗಬೇಕು. ಅದನ್ನು ವ್ಯಾನಿನಲ್ಲಿ ಒಯ್ದರೂ ಭಯ ಇಲ್ಲ.

ಇನ್ನೊಂದು ಮಾತು. ಎಣ್ಣೆ ಹಚ್ಚಿದ ಮರವನ್ನು ಸ್ಯಾಂಡಿಂಗ್ ಮಾಡಿದ ಪುಡಿಯೂ ಹೀಗೇ ಕಾಯುತ್ತದೆ. ಮಷಿನ್ನಿನ ಚೀಲದಲ್ಲಿ ಅದನ್ನು ರಾತ್ರಿಯಿಡೀ ಬಿಡಬೇಡಿ. ಚೆಲ್ಲಿದ ಎಣ್ಣೆಯನ್ನು ಹೊಟ್ಟು ಹಾಕಿ ಬಳಿದರೆ ಆ ಹೊಟ್ಟೂ ಅಷ್ಟೇ.

ಅರಗು ಮತ್ತು ಸ್ಪಿರಿಟ್ಟಿನ ಫ್ರೆಂಚ್ ಪಾಲಿಶ್ ಬಟ್ಟೆ ಹೀಗೆ ತಾನಾಗಿ ಕಾಯುವುದಿಲ್ಲ. ಆದರೆ ಸ್ಪಿರಿಟ್ ಆರುವವರೆಗೆ ಕಿಡಿ ತಾಗಿದರೆ ಸಾಕು. ಎರಡನ್ನೂ ಒಂದೇ ಮೂಟೆಯಲ್ಲಿ ಸೇರಿಸಬೇಡಿ.

ತುಂಗಾತೀರ

ಬಡಗಿ ಮನೆ ಅವರೇ, ನಿಮ್ಮ ತಂದೆಯವರ ಆ ಒಂದು ಮಾತು ನಮಗೆ ಯಾರಾದರೂ ಹೇಳಿದ್ದಿದ್ದರೆ ಸಾಕಾಗಿತ್ತು. ಅಂಗಡಿಯವರು ಡಬ್ಬ ಕೊಡುವಾಗ ಬ್ರಷ್ ಬೇಕಾ ಅಂತ ಕೇಳಿದರು. ಬಟ್ಟೆಯ ಬಗ್ಗೆ ಏನೂ ಹೇಳಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಡೆಲವೇರ್ ದಡ

ನಾನು ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದೇನೆ, ಮೂಲ ಮೈಸೂರು. ಈ ಊರಿನಲ್ಲಿ ಅಗಸೆ ಎಣ್ಣೆ ಬಟ್ಟೆ ಅಂದರೆ ಹಳಬರಿಗೆ ಒಂದೇ ನೆನಪು. ಸಿಟಿ ಹಾಲ್ ಎದುರಿಗೆ ಒನ್ ಮೆರಿಡಿಯನ್ ಪ್ಲಾಜಾ ಅಂತ 38 ಅಂತಸ್ತಿನ ಕಟ್ಟಡ ಇತ್ತು. 1991ರ ಫೆಬ್ರವರಿ 23, ಶನಿವಾರ. ಕೆಲಸದವರು 22ನೇ ಅಂತಸ್ತಿನಲ್ಲಿ ಗೋಡೆಯ ಮರದ ಹಲಗೆಗಳಿಗೆ ಎಣ್ಣೆ ಹಚ್ಚಿ, ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ರಾತ್ರಿ ಆ ಬಟ್ಟೆಗಳಿಂದ ಬೆಂಕಿ ಎದ್ದಿತು. ಹತ್ತೊಂಬತ್ತು ಗಂಟೆ ಉರಿಯಿತು. ಒಂದಾದ ಮೇಲೊಂದು ಅಂತಸ್ತು ಹತ್ತಿಕೊಂಡು ಹೋಗಿ, 30ನೇ ಅಂತಸ್ತಿನಲ್ಲಿ ಸ್ಪ್ರಿಂಕ್ಲರ್ ಇದ್ದದ್ದರಿಂದ ಅಲ್ಲಿ ನಿಂತಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹೊಗೆಯಲ್ಲಿ ದಾರಿ ತಪ್ಪಿದ್ದರು. ಕಟ್ಟಡವನ್ನು ಆಮೇಲೆ ಕೆಡವಬೇಕಾಯಿತು.

ಆ ಮೂವರು ಮನೆಗೆ ಹೋಗಲಿಲ್ಲ ಅನ್ನುವುದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಇಲ್ಲಿನ ವರ್ಕ್‌ಶಾಪ್‌ಗಳಲ್ಲಿ ಕೆಂಪು ಬಣ್ಣದ ತಗಡಿನ ಡಬ್ಬ ಇರುತ್ತದೆ. ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ಗಾಳಿ ಹೋಗಬಾರದು ಅಂತ. ತಳ ನೆಲಕ್ಕೆ ತಾಗದ ಹಾಗೆ ಸ್ವಲ್ಪ ಎತ್ತರದಲ್ಲಿರುತ್ತದೆ. ದಿನದ ಕೊನೆಗೆ ಖಾಲಿ ಮಾಡುತ್ತಾರೆ. ಸರಕು ಸಾಗಿಸುವವರ ನಿಯಮದಲ್ಲೂ ಇದು ಇದೆ. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆ ಪಟ್ಟಿಯಲ್ಲಿ "ಎಣ್ಣೆ ಮೆತ್ತಿದ ಚಿಂದಿ"ಗೆ 1856 ಅಂತ ಬೇರೆಯೇ ಸಂಖ್ಯೆ. ಸೇರಿಸಿರುವುದು 4.2 ವರ್ಗಕ್ಕೆ, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಜೊತೆಗೆ.

ಕವರ್ ಡ್ರೈವ್

ನನ್ನ ಮಗ ಅಂಡರ್ 14 ಆಡುತ್ತಾನೆ. ಹೊಸ ಇಂಗ್ಲಿಷ್ ವಿಲ್ಲೋ ಬ್ಯಾಟಿಗೆ ಹಸಿ ಲಿನ್‌ಸೀಡ್ ಆಯಿಲ್ ಹಚ್ಚಿ ನಾಕಿಂಗ್ ಮಾಡುತ್ತೇವೆ. ಇದನ್ನು ಓದುತ್ತಾ ಓದುತ್ತಾ ಎದ್ದು ಹೋಗಿ ಕಿಟ್ ಬ್ಯಾಗ್ ನೋಡಿದೆ. ಪ್ಯಾಡಿನ ಒಳಗೆ ಸುತ್ತಿಟ್ಟ ಎಣ್ಣೆ ಬಟ್ಟೆ ಇತ್ತು. ಕಿಟ್ ಬ್ಯಾಗ್ ಇಡೀ ದಿನ ಕಾರಿನ ಡಿಕ್ಕಿಯಲ್ಲೇ ಇರುತ್ತದೆ, ಗ್ರೌಂಡಿನ ಪಕ್ಕ ಬಿಸಿಲಲ್ಲಿ. ಕೈ ನಡುಗಿತು.

ಪ್ರಯೋಗಶಾಲೆ

ಸರ್, ಒಂದು ಚಿಕ್ಕ ಬಟ್ಟೆಯಲ್ಲಿ ನಾಲ್ಕು ಹನಿ ಎಣ್ಣೆ ಇದ್ದರೆ ಸಾಮಾನ್ಯವಾಗಿ ಹೊತ್ತಿಕೊಳ್ಳುವಷ್ಟು ಶಾಖ ಕೂಡುವುದಿಲ್ಲ. ಆದರೆ ಸುತ್ತಿ ಪ್ಯಾಡಿನ ಒಳಗೆ ಇಡುವುದು ಬೇಡ. ಹಚ್ಚಿದ ಮೇಲೆ ಬಟ್ಟೆಯನ್ನು ನೀರಲ್ಲಿ ನೆನೆಸಿ ಅಲ್ಲೇ ಮುಗಿಸಿ. ಮಕ್ಕಳ ಕೋಚ್‌ಗೂ ಹೇಳಿ. ಒಂದೇ ಸಲ ಹತ್ತು ಬ್ಯಾಟಿಗೆ ಹಚ್ಚಿ, ಎಲ್ಲ ಬಟ್ಟೆಯನ್ನೂ ಒಂದೇ ಚೀಲಕ್ಕೆ ಹಾಕುವುದು ಅಲ್ಲೇ ಜಾಸ್ತಿ.

ಕೆಂಪು ಗಾಡಿ

ನಾನು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನು. ತುಂಗಾತೀರ ಅವರು ಡಿಕ್ಕಿ ಎತ್ತಿದ ಜಾಗಕ್ಕೆ ನಿಮ್ಮನ್ನೆಲ್ಲ ಮತ್ತೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಜೀವವೇ ಹೋಗಬಹುದಿತ್ತು.

ಗಾಜು ಏರಿಸಿದ ಕಾರಿನಲ್ಲಿ ಗಾಳಿ ಅಳತೆಯದ್ದು. ಬೆಂಕಿ ಗಾಳಿಯನ್ನು ತಿಂದು ಮುಗಿಸಿ ಉಸಿರುಗಟ್ಟಿದ ಹಾಗೆ ಹೊಗೆಯಾಡುತ್ತಾ ಕೂತಿರುತ್ತದೆ. ಕಾವು ಮಾತ್ರ ಇಳಿದಿರುವುದಿಲ್ಲ. ನೀವು ಬಾಗಿಲು ತೆಗೆದ ಕ್ಷಣ ಅದಕ್ಕೆ ಹೊಸ ಗಾಳಿ. ಭಗ್ ಅಂತ ಬರುವುದು ಅದಕ್ಕೇ. ಒಳಗೆ ಮನುಷ್ಯರು, ಮಕ್ಕಳು ಇದ್ದರೆ ಮಾತು ಬೇರೆ. ಯಾರೂ ಇಲ್ಲ ಅಂದರೆ ಕಾರು ಹೋಗಲಿ, ನೀವು ದೂರ ಬನ್ನಿ. 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಪಕ್ಕದ ಗಾಡಿ, ಹುಲ್ಲು, ಗ್ಯಾಸ್ ಸಿಲಿಂಡರ್ ಏನಿದೆ ನೋಡಿ.

ಸೀಟಿನ ಸ್ಪಂಜು ಬೇಗ ಉರಿಯುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲ್ಲದೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಎರಡು ಮೂರು ಉಸಿರು ಎಳೆದರೂ ತಲೆ ಸುತ್ತಿ ಬೀಳಬಹುದು. ಗಾಳಿ ಬೀಸುವ ದಿಕ್ಕಿಗೆ ಎದುರು ನಿಲ್ಲಬೇಡಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ.

ಕಾರಿನಲ್ಲಿ ಇಟ್ಟುಕೊಳ್ಳುವ ಪುಡಿಯ ಸಿಲಿಂಡರ್ ಹೊಡೆದರೆ ಜ್ವಾಲೆ ಆರುತ್ತದೆ. ಬಟ್ಟೆ ಉಂಡೆಯ ಒಳಗಿನ ಕೆಂಡ ಆರುವುದಿಲ್ಲ. ಪುಡಿಗೆ ತಣಿಸುವ ಶಕ್ತಿ ಇಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಹೊತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ. ಇಂಥ ಉಂಡೆಗೆ ನೀರೇ ಆಗಬೇಕು. ಆರಿದ ಮೇಲೆ ಕೋಲಿನಿಂದ ಹೊರಗೆ ಎಳೆದು ಬಕೆಟ್ ನೀರಿನಲ್ಲಿ ಮುಳುಗಿಸಬೇಕು. ಅವರ ತಂದೆ ದೂರದಿಂದ ನೀರು ಹೊಡೆದದ್ದು ಸರಿಯಾದ ಕೆಲಸ.

ಕಮಟು ವಾಸನೆಯ ಬಗ್ಗೆ ಅವರ ತಾಯಿ ಹೇಳಿದ್ದು ಕೂಡ ಮುಖ್ಯ. ಈ ಬಟ್ಟೆಗಳು ಹೊಗೆ ಬರುವ ಮೊದಲೇ ಮೂಗಿಗೆ ಹೊಡೆಯುವ ವಾಸನೆ ಬಿಡುತ್ತವೆ. ಹಳೇ ಪೇಂಟ್ ಮತ್ತು ಸೀದ ಎಣ್ಣೆ ಸೇರಿದ ಹಾಗೆ. ಆ ವಾಸನೆ ಬಂದರೆ ಬಟ್ಟೆ ಎಲ್ಲಿಟ್ಟಿದ್ದೀರಿ ಅಂತ ಮೊದಲು ನೆನಪು ಮಾಡಿಕೊಳ್ಳಿ.

ಲೆಕ್ಕದ ಪುಸ್ತಕ

ಇನ್ಶೂರೆನ್ಸ್ ವಿಷಯ ಯಾರೂ ಬರೆದಿಲ್ಲ. ನಮ್ಮ ದೇಶದ ಮೋಟಾರ್ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ, ಸಿಡಿಲು ಇವುಗಳ ಸಾಲಿನಲ್ಲೇ "ಸೆಲ್ಫ್ ಇಗ್ನಿಷನ್" ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಆದ್ದರಿಂದ ಬಟ್ಟೆ ಇಟ್ಟದ್ದನ್ನು ಮುಚ್ಚಿಡಬೇಡಿ, ಆದದ್ದನ್ನು ಆದ ಹಾಗೇ ಬರೆದುಕೊಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಗಾಡಿಯ ನಷ್ಟಕ್ಕೆ ಏನೂ ಬರುವುದಿಲ್ಲ. ಸರ್ವೇಯರ್ ನೋಡುವವರೆಗೆ ಆ ಕಪ್ಪು ಉಂಡೆಯನ್ನು ಬಿಸಾಡಬೇಡಿ. ಫೋಟೋ ತೆಗೆದಿಡಿ.

ತುಂಗಾತೀರ

ಪ್ಯಾಕೇಜ್ ಪಾಲಿಸಿಯೇ ಇದೆ. ಸರ್ವೇಯರ್ ಬಂದಿದ್ದರು. ಮೊದಲು ಮೂರು ಸಲ ಒಂದೇ ಪ್ರಶ್ನೆ, "ಒಳಗೆ ಸಿಗರೇಟ್ ಸೇದಿದವರು ಯಾರು?" ಉಂಡೆಯನ್ನು ತಗಡಿನ ಡಬ್ಬದಲ್ಲಿ ಇಟ್ಟಿದ್ದೆ, ತೋರಿಸಿದೆ. ಪರೀಕ್ಷೆಗೆ ಕಳಿಸುತ್ತೇನೆ ಅಂದರು. ಅದರಲ್ಲಿ ಎಣ್ಣೆ ಗೊತ್ತಾಗುತ್ತದಾ ಮೇಷ್ಟ್ರೇ?

ಪ್ರಯೋಗಶಾಲೆ

ಗೊತ್ತಾಗುತ್ತದೆ. ಆದರೆ ಕೇಳಿ ಮಾಡಿಸಬೇಕು. ಬೆಂಕಿ ಪ್ರಕರಣಗಳಲ್ಲಿ ಮಾಮೂಲಿಯಾಗಿ ಹುಡುಕುವುದು ಪೆಟ್ರೋಲ್, ಸೀಮೆಎಣ್ಣೆಯಂಥದ್ದನ್ನು. ಆ ಪರೀಕ್ಷೆಯಲ್ಲಿ ಅಗಸೆ ಎಣ್ಣೆ ಸರಿಯಾಗಿ ಸಿಗುವುದಿಲ್ಲ, ಅದು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದರ ಕೊಬ್ಬಿನ ಆಮ್ಲಗಳನ್ನು ಮೊದಲು ಮೀಥೈಲ್ ಎಸ್ಟರ್ ಅನ್ನುವ, ಸುಲಭವಾಗಿ ಆವಿಯಾಗುವ ರೂಪಕ್ಕೆ ಮಾಡಿಕೊಂಡು ನೋಡಬೇಕು. "ಸಸ್ಯಜನ್ಯ ಎಣ್ಣೆಗೆ ಪರೀಕ್ಷಿಸಿ" ಅಂತ ಕಾಗದದಲ್ಲೇ ಬರೆಸಿ. ಉಳಿದ ಎಣ್ಣೆಯ ಡಬ್ಬವನ್ನೂ ಜೊತೆಗೆ ಕೊಡಿ.

ಪಾನಾ ಸ್ಪ್ಯಾನರ್

ಬಂದೆ. ಬಾಡಿ ಶೆಡ್ಡಿನವರಿಗೆ ಹೇಳಿದೆ. ನಂಬಲಿಲ್ಲ. ಅದಕ್ಕೆ ಒಂದು ಕೆಲಸ ಮಾಡಿದೆವು. ನಮ್ಮ ಹಿಂದಿನ ಬಯಲಿನಲ್ಲಿ, ಸುತ್ತ ಏನೂ ಇಲ್ಲದ ಕಡೆ, ಎರಡು ಹಳೇ ಬ್ರೇಕ್ ಡ್ರಮ್ ಇಟ್ಟೆವು. ಒಂದರಲ್ಲಿ ಎಂಜಿನ್ ಆಯಿಲ್ ಬಟ್ಟೆಯ ಉಂಡೆ, ಇನ್ನೊಂದರಲ್ಲಿ ಬಾಯಿಲ್ಡ್ ಆಯಿಲ್ ಬಟ್ಟೆಯ ಉಂಡೆ. ನೀರಿನ ಪೈಪ್ ಕೈಯಲ್ಲೇ ಇತ್ತು. ಬೆಳಿಗ್ಗೆ ಹತ್ತಕ್ಕೆ ಇಟ್ಟದ್ದು. ಮಧ್ಯಾಹ್ನ ಒಂದಕ್ಕೆ ಎಂಜಿನ್ ಆಯಿಲ್ ಬಟ್ಟೆ ಬಿಸಿಲಿಗೆ ಎಷ್ಟು ಬೇಕೋ ಅಷ್ಟೇ ಬೆಚ್ಚಗಿತ್ತು. ಇನ್ನೊಂದರ ಹತ್ತಿರ ಹೋದರೆ ಮೂಗು ಉರಿಯುವ ವಾಸನೆ. ಇಕ್ಕಳದಲ್ಲಿ ಮೇಲಿನ ಪದರ ಎತ್ತಿದರೆ ಒಳಗೆ ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿ ಸಣ್ಣಗೆ ಹೊಗೆ. ತಕ್ಷಣ ನೀರು ಹಾಕಿದೆವು, ಚುಂಯ್ ಅಂದಿತು.

ಶೆಡ್ಡಿನ ಹಿರಿಯ ಪೇಂಟರ್ ಅಲ್ಲೇ ನಿಂತು ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಹೋಗಿ ಹೊರಡಲು ನಿಂತಿದ್ದ ಲಾರಿಯ ಸೀಟ್ ಎತ್ತಿ, ಕೆಳಗಿದ್ದ ಚಿಂದಿಯನ್ನೆಲ್ಲ ತಂದು ನೀರಿನ ತೊಟ್ಟಿಗೆ ಹಾಕಿದರು. ಮೇಷ್ಟ್ರೇ, ನಾನು ಮೊದಲು ಬರೆದ ಮಾತನ್ನು ವಾಪಸ್ ತಗೊಳ್ಳುತ್ತೇನೆ.

ಪ್ರಯೋಗಶಾಲೆ

ನೀವು ಜಾಗ ನೋಡಿ, ನೀರು ಇಟ್ಟುಕೊಂಡು ಮಾಡಿದ್ದೀರಿ. ಆದರೂ ಓದುವವರು ಯಾರೂ ಇದನ್ನು ಮನೆಯಲ್ಲಿ, ಟೆರೇಸಿನಲ್ಲಿ ಮಾಡಿ ನೋಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹೊಗೆ ಯಾವಾಗ ಜ್ವಾಲೆ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಕೆಲವು ಸಲ ಎರಡು ಮೂರು ಗಂಟೆ, ಕೆಲವು ಸಲ ರಾತ್ರಿ ಎಲ್ಲರೂ ಮಲಗಿದ ಮೇಲೆ.

ಅಗಸಿ ಹಿಂಡಿ

ಆ ಪೇಂಟರ್ ಅಣ್ಣನಿಗೆ ನಮ್ಮ ಕಡೆಯಿಂದ ಶರಣು ಹೇಳಿ.

ಬಡಗಿ ಮನೆ

ನೀರಲ್ಲಿ ನೆನೆಸಿದ ಬಟ್ಟೆಯನ್ನು ಆಮೇಲೆ ಕಸದ ಗಾಡಿಗೆ ಹಾಗೇ ಕೊಡಬೇಡಿ. ಅಲ್ಲಿ ನೀರು ಆರಿದರೆ ಮತ್ತೆ ಅದೇ ಎಣ್ಣೆ, ಅದೇ ಗುಡ್ಡೆ. ನಾನು ಹೊರಗೆ ಸಿಮೆಂಟ್ ನೆಲದ ಮೇಲೆ ಒಂದೊಂದಾಗಿ ಹರವಿ, ಪೂರ್ತಿ ಗಟ್ಟಿಯಾದ ಮೇಲೆ ಕೊಡುತ್ತೇನೆ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮತ್ತೆ ಊರಿಗೆ ಹೋಗಿದ್ದೆ, ಬಸ್ಸಿನಲ್ಲಿ. ಈ ಚರ್ಚೆ ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. ಬೇಲಿ ಮೇಲೆ ಬಟ್ಟೆ ಹರವುವ ಮಾತು ಬಂದಾಗ ಇನ್ನೊಮ್ಮೆ ಓದು ಅಂದರು.

ತೂಗುಮಂಚಕ್ಕೆ ಎರಡನೇ ಕೋಟ್ ಬಾಕಿ ಇತ್ತು. ನಾನು ಬೇಡ ಅಂದುಕೊಂಡಿದ್ದೆ. ಅಪ್ಪ ಹಿತ್ತಲಿನಿಂದ ಹಳೇ ತಾಮ್ರದ ಹಂಡೆಗೆ ನೀರು ತುಂಬಿ ತಂದು ಜಗಲಿಯ ಮೆಟ್ಟಿಲ ಮೇಲೆ ಇಟ್ಟರು. ಆಮೇಲೆ ಕೂತು ಬನಿಯನ್ ಹರಿಯತೊಡಗಿದರು. ಒಂದೊಂದು ತುಂಡು ಮುಗಿದ ಹಾಗೂ ಹಂಡೆಗೆ ಹಾಕಿದೆವು. ಎಣಿಸಿಕೊಂಡೇ ಹಾಕಿದರು ಅಪ್ಪ. ಒಟ್ಟು ಏಳು.